ಎಂಬತ್ತು ಹಾರ್ಸ್‌ಪವರಿನ ಇಳಿಜಾರು

ಶೂಲಗಿರಿಯ ಇಳಿಜಾರಿನಲ್ಲಿ ಮಾವಿನಕಾಯಿ ತುಂಬಿದ ಲಾರಿಯೊಂದು ನಮ್ಮ ಕಾರಿನ ಮುಂದೆ ದೊಡ್ಡದಾಗುತ್ತಲೇ ಹೋಯಿತು. ನನ್ನ ಗಂಡ ಬ್ರೇಕ್ ತುಳಿಯುತ್ತಲೇ ಇದ್ದರು. ಸುಟ್ಟ ವಾಸನೆ ಬಂತೇ ಹೊರತು ವೇಗ ತಗ್ಗಲಿಲ್ಲ.

“ಬ್ರೇಕ್ ಹಿಡೀತಿಲ್ಲ ಕಣೆ, ಗಟ್ಟಿಯಾಗಿ ಕೂತ್ಕೋ,” ಎಂದರು. ನಾನು ಎರಡೂ ಕೈಯಲ್ಲಿ ಸೀಟನ್ನು ಬಿಗಿಯಾಗಿ ಹಿಡಿದುಕೊಂಡೆ.

ಅದು ರೇಡಿಯೇಟರ್ ಇಲ್ಲದ, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ನಿನ, ನನಗಿಂತ ಹಳೆಯ ಕಾರು. ಹೊಸೂರಿನ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಕೆಲಸ ಮಾಡುವ ಇವರು ಭಾನುವಾರವೆಲ್ಲ ಅದರೊಳಗೇ ತಲೆ ಹಾಕಿ, ದೊಡ್ಡ ಪಿಸ್ಟನ್, ಎರಡು ಕಾರ್ಬುರೇಟರ್ ಕೂರಿಸಿದ್ದರು. “ನಲವತ್ತಿದ್ದ ಹಾರ್ಸ್‌ಪವರ್ ಎಂಬತ್ತಾಗ್ದೆ ಇದ್ರೆ ಕೇಳಿ,” ಎಂದು ಆಲಸನತ್ತಂನ ನಮ್ಮ ಬೀದಿಗೆಲ್ಲ ಸಾರಿ, ಪರೀಕ್ಷೆ ಮಾಡಲು ನನ್ನನ್ನೂ ಕೂರಿಸಿಕೊಂಡು ಕೃಷ್ಣಗಿರಿ ಕಡೆ ಹೊರಟಿದ್ದರು. ಎಂಬತ್ತು ಬಂದಿತ್ತೋ ಏನೋ, ಬ್ರೇಕ್ ಮಾತ್ರ ಆ ಹಳೆಯ ನಲವತ್ತಕ್ಕೆ ಮಾಡಿದ್ದೇ ಆಗಿತ್ತು. ಅದನ್ನು ಇವರು ಮುಟ್ಟಿಯೂ ನೋಡಿರಲಿಲ್ಲ.

ಲಾರಿಯ ಹಿಂದಿನ ಹಗ್ಗದ ಗಂಟು ಕಾಣುವಷ್ಟು ಹತ್ತಿರವಾದಾಗ ಸ್ಟೇರಿಂಗನ್ನು ಎಡಕ್ಕೆ ಎಳೆದುಬಿಟ್ಟರು. ರಸ್ತೆ ಅಗಲ ಮಾಡಲು ಸುರಿದಿದ್ದ ಮಣ್ಣಿನ ಗುಡ್ಡೆಯಲ್ಲಿ ಮೂತಿ ಹೂತು ಕಾರು ನಿಂತಿತು. ಇಬ್ಬರಿಗೂ ಗಾಯವಾಗಲಿಲ್ಲ.

ಈಗ ಯಾರಾದರೂ ಎಷ್ಟು ಹಾರ್ಸ್‌ಪವರ್ ಎಂದು ಕೇಳಿದರೆ ಇವರು ಎಂಜಿನ್ ತೋರಿಸುವುದಿಲ್ಲ. ನನ್ನ ಸೀಟಿನ ಮುಂದೆ, ಕಾಲಿಡುವ ಜಾಗದ ತಗಡನ್ನು ತೋರಿಸುತ್ತಾರೆ. ಅವತ್ತು ನನ್ನ ಬಲಗಾಲು ಒತ್ತಿದ್ದ ಕಡೆ ಅದು ತಗ್ಗಾಗಿದೆ. ಅಲ್ಲಿ ಬ್ರೇಕೇ ಇಲ್ಲ.