ಹೊಳೆಯಾಚೆಯ ಸರ್ಕಾರ ಮತ್ತು ನನ್ನ ತಂಗಿಯ ಬಾಣಂತನ

ಅಂದು ಬೆಳಿಗ್ಗೆಯೂ ಎಂದಿನಂತೆ ತುಳಸಿಗೆ ನೀರೆರೆದು, ಹಾಲು ಒಲೆಯ ಮೇಲಿಟ್ಟು, ನಮ್ಮವರ ಶೇರ್ವಾನಿಗೆ ಗುಂಡಿ ಹೊಲಿಯುತ್ತ ಕೂತಿದ್ದೆ. ಅವರು ಉಂಡವಳ್ಳಿಯ ಹೊಳೆ ನಾಕಾದಲ್ಲಿ ನಿಜಾಮ ಸರ್ಕಾರದ ಸುಂಕದ ಗುಮಾಸ್ತರು. ಸುಂಕ ಹಾಕಲು ಆಚೆಯಿಂದ ಸಾಮಾನೇ ಬಾರದಾಗಿ ತಿಂಗಳುಗಳಾಗಿದ್ದವು. ಗುಂಡಿ ಮಾತ್ರ ಐದೂ ಇರಬೇಕು.

ಅಷ್ಟರಲ್ಲಿ ಹರಿಗೋಲಿನ ಈರಣ್ಣ ಹೊಳೆಯಾಚೆಯ ಕರ್ನೂಲಿನಿಂದ ತಂಗಿಯ ಗಂಡನ ಚೀಟಿ ತಂದ. ‘ಗಡಿಯಲ್ಲಿ ಬಿಗಿಯಾಗಿದೆ. ತುಂಬು ಬಸುರಿಯನ್ನು ಕಳಿಸಲಾರೆ.’

ಅವಳಿಗೆ ಇದು ಚೊಚ್ಚಲು. ನಮ್ಮ ತಾಯಿ ಅವಳನ್ನು ಹೆತ್ತೇ ಕಣ್ಣು ಮುಚ್ಚಿದ್ದಳು. ಅವಳಿಗೆ ತವರೆಂದರೆ ನನ್ನ ಮನೆ.

“ಮನಷ್ಯಾರ್ನ ತಡಿಯಂಗಿಲ್ರೀ ಅಕ್ಕಾರ,” ಎಂದ ಈರಣ್ಣ. “ಉಪ್ಪು, ಚಿಮಣಿ ಎಣ್ಣಿ ತಡೀತಾರ. ಆದ್ರ ಇತ್ತ ಬರಾಕ ಆ ಕಡಿಯೋರಿಗೇ ಅಂಜಿಕಿ.”

ಕಾನ್ವೆಂಟಿನಲ್ಲಿ ನಾನು ಬಿಡಿಸಿದ ನಕಾಶೆಯಲ್ಲಿ ತುಂಗಭದ್ರೆ ಒಂದು ನೀಲಿ ಗೆರೆ. ನಮ್ಮ ನಿಜಾಮ ಸೀಮೆಗೆ ಬಳಿದ ಹಳದಿ ಬಣ್ಣ ಆ ಗೆರೆ ದಾಟಿ ಆಚೆಯ ಬ್ರಿಟಿಷರ ಗುಲಾಬಿಗೆ ಹರಡಿತೆಂದು ಸಿಸ್ಟರ್ ಮತ್ತೆ ಬರೆಸಿದ್ದರು. ಅವರಿಗೆ ರಾಜಕೀಯ ನನಗಿಂತ ಚೆನ್ನಾಗಿ ಗೊತ್ತಿತ್ತೆಂದು ಈಗ ಅನಿಸುತ್ತದೆ.

ದೆಹಲಿಯ ಹೊಸ ಸರ್ಕಾರ ಹೋದ ವರ್ಷವಷ್ಟೇ, ಸದ್ಯಕ್ಕೆ ಎಲ್ಲ ಇದ್ದ ಹಾಗೇ ಇರಲೆಂದು ನಿಜಾಮರೊಡನೆ ಸಹಿ ಹಾಕಿತ್ತು. ಈಗ ಅದರ ದನಿ ಬದಲಾಗಿತ್ತು. ಓಣಿಯಲ್ಲಿ ಏಳಿಗೆಗೆ ಬರುವ ಮನೆಯವರನ್ನು ನೀವೂ ನೋಡಿರುತ್ತೀರಿ. ಮೊದಲು ನಮ್ಮ ಕಟ್ಟೆಗೆ ಬಂದು ಕೂರುತ್ತಾರೆ, ಆಮೇಲೆ ತಮ್ಮ ಕಟ್ಟೆಗೆ ಕರೆಯುತ್ತಾರೆ, ಕಡೆಗೊಂದು ದಿನ ಯಾಕೆ ಬರಲಿಲ್ಲವೆಂದು ಗದರುತ್ತಾರೆ. ತಪ್ಪೆಲ್ಲ ದೆಹಲಿಯವರದೇ ಎನ್ನಲಾರೆ. ನಮ್ಮ ಕಡೆ ನಿಜಾಮರ ಹೆಸರಲ್ಲಿ ಬಂದೂಕು ಹಿಡಿದು ತಿರುಗುವವರಿಗೆ ಹೆದರಿ ನಾನೇ ಹಾಡುಹಗಲಲ್ಲಿ ಅಗಳಿ ಹಾಕುತ್ತಿದ್ದೆ. ಆದರೆ ದೊಡ್ಡವರ ಮುನಿಸು ಬಸುರಿಯ ತಿಂಗಳು ನೋಡಿ ಇಳಿಯುತ್ತದೆಯೇ?

ಮಧ್ಯಾಹ್ನ ಊಟಕ್ಕೆ ಬಂದ ನಮ್ಮವರು ಚೀಟಿಯನ್ನು ಎರಡು ಸಲ ಓದಿ, “ಅರ್ಜಿ ಬರೀತೀನಿ,” ಎಂದರು. ಯಾವ ಸರ್ಕಾರಕ್ಕೆಂದು ಅವರಿಗೂ ತಿಳಿಯಲಿಲ್ಲ. ತಂಗಿಗೆಂದು ತರಿಸಿದ್ದ ನಾರಾಯಣಪೇಟೆ ಸೀರೆಯನ್ನು ನಾನು ಪೆಟ್ಟಿಗೆಯಿಂದ ತೆಗೆದೆ, ಮಡಿಸಿದೆ, ಮತ್ತೆ ಇಟ್ಟೆ. ಅವಳನ್ನು ಕರೆಸುವ ಹತ್ತು ದಾರಿ ಯೋಚಿಸಿದೆ. ಹತ್ತೂ ಹೊಳೆಯ ಆ ದಂಡೆಯಲ್ಲೇ ನಿಂತವು.

ಸಂಜೆ ಪಕ್ಕದ ಮನೆಯ ಮಲ್ಲಮ್ಮ ಚೆಂಬು ಹಿಡಿದು ಬಂದಳು. ಬೀರಪ್ಪನ ಒಕ್ಕಲಿನ ಕುರುಬರವಳು; ದಿನದ ಅರ್ಧ ಕುರಿಹಿಂಡಿನ ಹಿಂದೆಯೇ ಅವಳ ಸಂಸಾರ. ಸೆರಗಿಗಂಟಿದ ಮುಳ್ಳು ಕೀಳುತ್ತ ನನ್ನ ಗೋಳನ್ನೆಲ್ಲ ಕೇಳಿದಳು. “ಆಕಿನ್ನ ಹೆಂಗ ಕರೆಸಲಿ ಮಲ್ಲವ್ವಾ?” ಎಂದೆ.

“ಈಯೋ ಕುರೀನ ನಾವು ಮನೀಗೆ ಕರಸಂಗಿಲ್ರೀ,” ಎಂದಳು. “ಅದು ಎಲ್ಲಿ ಐತೋ ಅಲ್ಲಿಗೆ ನಾವ ಹೋಗ್ತೀವಿ. ಮಜ್ಜಿಗಿ ಐತೇನ್ರೀ?”