ಸುನಂದಾ ಎಣಿಸಿದ ಉಂಗುರಗಳು

ಸುನಂದಾ ಸರಿಯಾಗಿಯೇ ಎಣಿಸಿದ್ದರು. ತಪ್ಪಿದೆ ಎಂದು ಸುಳ್ಳು ಹೇಳಿದವನು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು — ಇಷ್ಟನ್ನು ಬರೆಯಲು ಇಪ್ಪತ್ತೆಂಟು ವರ್ಷ ಹಿಡಿಯಿತು.

ಆಗ ನಾವಿಬ್ಬರೂ ಡೆಟ್ರಾಯಿಟ್ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ, ಹಳೆಯ ಮರದ ವಯಸ್ಸು ಕಂಡುಹಿಡಿಯುವ ಪ್ರಯೋಗಾಲಯದಲ್ಲಿದ್ದೆವು. ನಾನು ಮೈಸೂರಿನವನು, ಪಿಎಚ್.ಡಿ. ಮುಗಿಸುವ ಹಂತದಲ್ಲಿದ್ದೆ. ಸುನಂದಾ ಹಾವೇರಿಯವರು, ಎರಡನೇ ವರ್ಷದ ವಿದ್ಯಾರ್ಥಿನಿ; ನನ್ನನ್ನು ಸರ್ ಎನ್ನುತ್ತಿದ್ದರು. ನನ್ನ ಪ್ರಬಂಧ ಜರ್ಮನಿಯ ಒಂದು ಕೆಥೆಡ್ರಲ್ ಕುರಿತದ್ದು. ಈಗ ನಿಂತಿರುವ ಕಲ್ಲಿನ ಕಟ್ಟಡದ ಕೆಳಗೆ ಅದಕ್ಕೂ ಹಿಂದಿನ ಪುಟ್ಟ ಚರ್ಚೊಂದಿತ್ತು. ನದಿದಂಡೆಯ ಜೌಗಿನಲ್ಲಿ ಓಕ್ ಮರದ ಕಂಬಗಳನ್ನು ಹುಗಿದು, ಅವುಗಳ ಮೇಲೆ ಕಟ್ಟಿದ್ದು. ಅದನ್ನು ಒಬ್ಬ ಚಕ್ರವರ್ತಿ ಕಟ್ಟಿಸಿದನೆಂದು ಅಲ್ಲಿನ ಪಾದ್ರಿಗಳು ಬರೆದಿಟ್ಟಿದ್ದರು. ಆ ಮಾತನ್ನು ನಂಬಿ ನಾನು ಮುನ್ನೂರು ಪುಟ ಬರೆದಿದ್ದೆ.

ಆ ಕಂಬಗಳ ಕೆಲವು ತುಂಡುಗಳು ನಮ್ಮಲ್ಲಿಗೆ ಬಂದವು. ಮರದಲ್ಲಿ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಅವನ್ನು ಎಣಿಸಿ, ಅಳೆದು, ಕಾಲ ಗೊತ್ತಿರುವ ಮರಗಳೊಂದಿಗೆ ಹೋಲಿಸಿದರೆ ಕಡಿದ ವರ್ಷ ತಿಳಿಯುತ್ತದೆ. ಆ ಕೆಲಸ ಸುನಂದಾರ ಪಾಲಿಗೆ ಬಂತು. ಮೂರು ವಾರ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದರು. ಒಂದು ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು ನಿಂತರು.

"ಸರ್, ಈ ಮರ ಕಡಿಯೂದ್ರಾಗ ನಿಮ್ಮ ಚಕ್ರವರ್ತಿ ಸತ್ತು ಅರವತ್ತು ವರ್ಷ ಆಗಿತ್ರಿ."

ಅಣಕವಿರಲಿಲ್ಲ ಆ ಮಾತಿನಲ್ಲಿ. ಏನನ್ನೋ ಕಂಡುಹಿಡಿದವರ ಸಂತೋಷ, ಅಷ್ಟೇ. ಬಹುಶಃ ಊರಿನವರೇ ಸೇರಿ ಕಟ್ಟಿಕೊಂಡ ಚರ್ಚಿರಬೇಕು, ಆಮೇಲೆ ದೊಡ್ಡ ಹೆಸರು ಅಂಟಿಸಿದ್ದಾರೆ ಎಂದು ಅವರು ಉತ್ಸಾಹದಿಂದ ಹೇಳುತ್ತಲೇ ಇದ್ದರು. ನನಗೆ ಕೇಳಿಸುತ್ತಿದ್ದದ್ದು ಒಂದೇ — ನನ್ನ ಪ್ರಬಂಧ ಮುಗಿಯಿತು.

ಮುಂದಿನ ಎರಡು ದಿನ ನಾನೇ ಕೂತು ಎಣಿಸಿದೆ. ಅವರದೇ ಲೆಕ್ಕ ಬಂತು. ಮತ್ತೊಂದು ತುಂಡು ತೆಗೆದೆ — ಅದೂ ಹಾಗೆಯೇ. ನನ್ನ ಎಣಿಕೆಯ ಹಾಳೆಯನ್ನು ಹರಿದು ಹಾಕಿದೆ. ಆಮೇಲೆ ಅವರನ್ನು ಕರೆದು, ಶಾಂತವಾಗಿ, ಹಿತ ಬಯಸುವವನ ಹಾಗೆ ಹೇಳಿದೆ:

"ನಿಮ್ಮ ಎಣಿಕೆ ತಪ್ಪಿದೆ, ಸುನಂದಾ. ನಾನೂ ಎಣಿಸಿ ನೋಡಿದೆ. ಉಂಗುರ ಯಾವುದು, ಬಿರುಕು ಯಾವುದು ಅನ್ನೋದೇ ನಿಮಗೆ ಕಾಣ್ತಿಲ್ಲ."

ಅವರು ವಾದಿಸಲಿಲ್ಲ. ವಾದಿಸಿದ್ದರೆ — ಇಲ್ಲ, ಆಗಲೂ ನಾನು ಬಗ್ಗುತ್ತಿರಲಿಲ್ಲ. ಹುಡುಗಿಗೆ ಈ ಕೆಲಸ ಒಗ್ಗುವುದಿಲ್ಲ ಎಂದು ನಮ್ಮ ಪ್ರೊಫೆಸರಿಗೂ ಹೇಳಿದೆ. ಮುಂದಿನ ಸೆಮಿಸ್ಟರಿಗೆ, ಓದಿನ ಖರ್ಚು ನೋಡಿಕೊಳ್ಳುತ್ತಿದ್ದ ಅವರ ಅಸಿಸ್ಟೆಂಟ್‌ಶಿಪ್ ಮುಂದುವರಿಯಲಿಲ್ಲ. ಓದು ಬಿಟ್ಟು, ಗಂಡನಿದ್ದ ಶಿಕಾಗೋ ಕಡೆಗೆ ಹೋದರು. ಅಲ್ಲಿನ ವಿಮಾನ ನಿಲ್ದಾಣದ ಪಕ್ಕದ ಊರು ಡೆಸ್ ಪ್ಲೇನ್ಸ್‌ನಲ್ಲಿ ವಿಮಾನದ ಸರಕು ಸಾಗಿಸುವ ಕಂಪನಿಯೊಂದರ ಆಫೀಸು ಸೇರಿದರು. ನಾನು ಪ್ರಬಂಧದಲ್ಲಿ ಚಕ್ರವರ್ತಿಯ ಕಾಲವನ್ನೇ ಉಳಿಸಿಕೊಂಡು ಡಾಕ್ಟರೇಟ್ ಪಡೆದೆ, ಪ್ರಾಧ್ಯಾಪಕನಾದೆ, ಕಳೆದ ವರ್ಷ ನಿವೃತ್ತನಾದೆ. ಸುಳ್ಳನ್ನು ಪಾಠ ಮಾಡಿ ಮಾಡಿ ದಣಿಯುತ್ತೇವೆಂದು ಯಾರೂ ಹೇಳಿರಲಿಲ್ಲ.

ಈ ವಸಂತದಲ್ಲಿ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನ ಸ್ನೇಹಿತರೊಬ್ಬರ ಗೃಹಪ್ರವೇಶದಲ್ಲಿ ಸುನಂದಾ ಸಿಕ್ಕರು. ಕೂದಲು ನರೆತಿತ್ತು. ಜೊತೆಗೆ ಕಾಲೇಜು ಓದುವ ಮಗಳು. ಅವಳಿಗೆ ನನ್ನನ್ನು ಗುರುಗಳೆಂದೇ ಪರಿಚಯಿಸಿ, ಅಂದು ನಾನು ಹೇಳದಿದ್ದರೆ ತಪ್ಪು ಲೆಕ್ಕ ಅಚ್ಚಾಗಿ ಮರ್ಯಾದೆ ಹೋಗುತ್ತಿತ್ತೆಂದು ನನಗೆ ಥ್ಯಾಂಕ್ಸ್ ಹೇಳಿದರು. ಮಗಳು ನಗುತ್ತ, "ಶೀ ಚೆಕ್ಸ್ ಎವೆರಿಥಿಂಗ್ ತ್ರೀ ಟೈಮ್ಸ್, ಅಂಕಲ್," ಎಂದಳು — ಒಲೆ, ಬಾಗಿಲು, ಮಾತ್ರೆ, ಆಫೀಸಿನ ಪ್ರತಿ ಹಾಳೆ, ಎಲ್ಲವನ್ನೂ ಮೂರು ಮೂರು ಸಲ ನೋಡುತ್ತಾರಂತೆ. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ನಾನು ಕಾರಿಗೆ ಬಂದು ಕೂತೆ.

ಎರಡು ವಾರದ ನಂತರ ಫೋನ್ ಮಾಡಿ, ಡೆಸ್ ಪ್ಲೇನ್ಸ್‌ವರೆಗೆ ಡ್ರೈವ್ ಮಾಡಿದೆ. ಐದು ಗಂಟೆಯ ದಾರಿ. ಅವರ ಅಡುಗೆಮನೆಯ ಮೇಜಿನ ಎದುರು ಕೂತು ಎಲ್ಲವನ್ನೂ ಹೇಳಿದೆ, ಹರಿದ ಹಾಳೆಯನ್ನೂ ಬಿಡದೆ. ಮನೆಯ ಮೇಲೆ ವಿಮಾನವೊಂದು ತಗ್ಗಿ ಹೋಯಿತು. ಅದರ ಸದ್ದು ಮುಗಿದ ಮೇಲೆ ಅವರು ಕೇಳಿದರು:

"ನೀವು ಎಣಿಸಿದಾಗ ಎಷ್ಟ ಬಂದಿತ್ರಿ?"

"ನಿಮ್ಮಷ್ಟೇ. ಒಂದೂ ಹೆಚ್ಚುಕಡಿಮೆ ಇರಲಿಲ್ಲ."

"ಅವತ್ತಿಂದ ನಾ ನನ್ನ ಕಣ್ಣ ನಂಬಲಿಲ್ಲ, ಸರ್," ಎಂದರು. ಆಮೇಲೆ ಎದ್ದು ನಿಂತರು. "ಮಗಳು ಬರೂದ್ರಾಗ ನೀವು ಹೊರಡ್ರಿ. ಆಕಿಗೆ ನಾನ ಹೇಳ್ತೀನಿ."

ಹೊರಟುಬಂದೆ. ಕ್ಷಮಿಸಿ ಎನ್ನುವ ಮಾತು ಬಾಯಿಯವರೆಗೆ ಬಂದಿತ್ತು — ಅದನ್ನೂ ಅವರ ಮೇಲೆ ಹೇರಿ ಬರಲು ಮನಸ್ಸಾಗಲಿಲ್ಲ.

ವಿಶ್ವವಿದ್ಯಾಲಯಕ್ಕೂ ಆ ಕೆಥೆಡ್ರಲ್‌ನ ಗ್ರಂಥಾಲಯಕ್ಕೂ ಪತ್ರ ಬರೆದಿದ್ದೇನೆ: ಪ್ರಬಂಧದ ಕಾಲನಿರ್ಣಯ ಸುಳ್ಳು, ಸರಿಯಾದ ಎಣಿಕೆ ಸುನಂದಾ ಅವರದು. ಕರಡಿನಲ್ಲಿ 'ನನ್ನಿಂದ ತಿಳಿಯದೆ ಆದ ತಪ್ಪು' ಎಂದು ಬರೆದಿದ್ದೆ. ಈ ವಯಸ್ಸಿನಲ್ಲೂ ಕೈ ತಾನಾಗಿಯೇ ಹಾಗೆ ಬರೆದುಬಿಟ್ಟಿತ್ತು. ಅದನ್ನು ಹೊಡೆದುಹಾಕಿ, 'ತಿಳಿದೂ ಮಾಡಿದ ತಪ್ಪು' ಎಂದು ತಿದ್ದಿ, ಸಹಿ ಹಾಕಿ ಕಳಿಸಿದೆ.