ಹಲೋ ಅಕ್ಕನ ಕೊನೆಯ ಫೋನುಗಳು

ರಕ್ತ, ಮೂತ್ರ ಪರೀಕ್ಷೆ ಮಾಡುವ ನಮ್ಮ ಲ್ಯಾಬಿನ ಕಚೇರಿಯಲ್ಲಿ ಅವರನ್ನು ಎಲ್ಲರೂ ಹಲೋ ಅಕ್ಕ ಅಂತಲೇ ಕರೆಯುತ್ತಿದ್ದರು. ಫ್ಯಾಕ್ಸ್ ಯಂತ್ರದ ಪಕ್ಕದ ಮೇಜು ಅವರದು, ಅದರಾಚೆಯದು ನನ್ನದು. ದೂರದ ಆಸ್ಪತ್ರೆಗಳಿಂದ ಯಾವ ಪರೀಕ್ಷೆ ಬೇಕೆಂದು ಬರೆದ ಚೀಟಿಗಳು ದಿನವಿಡೀ ಫ್ಯಾಕ್ಸಿನಲ್ಲಿ ಬರುತ್ತಿದ್ದವು. ಫ್ಯಾಕ್ಸ್ ಲೈನಿನ ಫೋನ್ ರಿಂಗಾದ ಕೂಡಲೇ ಅಕ್ಕ ರಿಸೀವರ್ ಎತ್ತುತ್ತಿದ್ದರು.

"ಹಲೋ, ಹೇಳಪ್ಪ. ಮಗಳ ಜ್ವರ ಬಿಡ್ತಾ? ಹೂಂ, ಈಗ ಕಳಿಸು."

ಆಮೇಲೆ ಗುಂಡಿ ಒತ್ತುತ್ತಿದ್ದರು, ಕಾಗದ ಹೊರಬರುತ್ತಿತ್ತು. ಅತ್ತ ಕಡೆಯವರ ಮುಖವನ್ನು ಅವರು ಒಮ್ಮೆಯೂ ನೋಡಿದವರಲ್ಲ. ಆದರೆ ಯಾರ ಸೊಸೆ ಬಸುರಿ, ಯಾರಿಗೆ ವರ್ಗವಾಯಿತು ಎಲ್ಲ ಗೊತ್ತು. ಅಕ್ಕನ ಮನೆಯಲ್ಲಿ ಗಂಡನಿಗೆ ಪಾರ್ಶ್ವವಾಯು ಬಡಿದು ಮಾತು ನಿಂತುಹೋಗಿತ್ತು. "ಅಲ್ಲಿ ನಾನೇ ಕೇಳ್ಬೇಕು, ನಾನೇ ಉತ್ತರ ಹೇಳ್ಬೇಕು ಕಣೇ," ಎಂದು ಒಮ್ಮೆ ನನ್ನೊಡನೆ ಹೇಳಿ, ಮತ್ತೆ ಫೋನ್ ಎತ್ತಿಕೊಂಡಿದ್ದರು. ಕೊಡುವುದನ್ನು ದೇವರು ಯಾವ ದಾರಿಯಲ್ಲಾದರೂ ಕೊಡುತ್ತಾನೆ. ಅವರಿಗೆ ಆ ತಂತಿಯಲ್ಲಿ ಕೊಟ್ಟಿದ್ದ.

ಆಮೇಲೆ ಸರ್ವರ್ ಬಂತು. ಇನ್ನು ಎಲ್ಲ ಆಸ್ಪತ್ರೆಗಳ ಫ್ಯಾಕ್ಸೂ ಉಗ್ರಾಣದ ಕೋಣೆಯಲ್ಲಿಟ್ಟ ಒಂದೇ ಪೆಟ್ಟಿಗೆಗೆ ಬಂದು, ಅಲ್ಲಿಂದ ಅವರವರ ಕಂಪ್ಯೂಟರಿಗೆ ಹೋಗಬೇಕು. ಕಾಗದವೂ ಬೇಡ, ಫೋನ್ ಎತ್ತುವವರೂ ಬೇಡ. ಅಕ್ಕನನ್ನು ಹಳೆಯ ಕಡತಗಳ ಕೋಣೆಗೆ ಹಾಕುತ್ತೇವೆ, ಸಂಬಳ ಅಷ್ಟೇ ಇರುತ್ತದೆ ಎಂದು ಮ್ಯಾನೇಜರ್ ಹೇಳಿದರು. ಅಕ್ಕ "ಆಯ್ತು ಸಾರ್" ಎಂದರು. ಆ ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆಯಲಿಲ್ಲ.

ಪೆಟ್ಟಿಗೆ ಕೂರಿಸಲು ಬಂದ ಮೆಕ್ಯಾನಿಕ್‌ಗೆ ಕಣ್ಣ ಕೆಳಗೆ ಕಪ್ಪು. ಲ್ಯಾಬಿನ ಬೇರೆ ಶಾಖೆಗಳ ಕೆಲಸ ಮುಗಿಸಿ ನೇರ ಇಲ್ಲಿಗೆ ಬಂದಿದ್ದ. ಕೇಬಲ್ ಎಳೆದ, ಲೈನುಗಳನ್ನೆಲ್ಲ ಪೆಟ್ಟಿಗೆಗೆ ಜೋಡಿಸಿದ, "ಇನ್ಮೇಲೆ ಯಾರೂ ಫೋನ್ ಎತ್ತಬಾರ್ದು" ಎಂದ. ಫೋನುಗಳು ರಿಂಗಾದವು, ಪೆಟ್ಟಿಗೆ ತಾನೇ ಎತ್ತಿತು, ಒಂದು ಪುಟವೂ ಬರಲಿಲ್ಲ. ಕೇಬಲ್ ಬದಲಿಸಿದ, ಒಳಗಿನ ಕಾರ್ಡ್ ಬದಲಿಸಿದ. ಅಕ್ಕ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪ್ರತಿ ಸಲ ರಿಂಗಾದಾಗಲೂ ಅವರ ಭುಜ ಅಲುಗುತ್ತಿತ್ತು.

"ಏನಯ್ಯಾ, ನಿನ್ನ ಪೆಟ್ಟಿಗೆ ಉಪವಾಸ ಮಾಡ್ತಿದೆಯಾ?" ಎಂದರು ಮ್ಯಾನೇಜರ್. "ನಾಳೆಯೊಳಗೆ ಆಗ್ಲಿಲ್ಲಾಂದ್ರೆ ಎತ್ಕೊಂಡು ಹೋಗು."

ಕೊನೆಗೆ ಆತ ಲೈನಿಗೆ ಒಂದು ಸ್ಪೀಕರ್ ಸಿಕ್ಕಿಸಿ ಕಿವಿಗೊಟ್ಟ. ಫೋನ್ ರಿಂಗಾಯಿತು. ಪೆಟ್ಟಿಗೆ ಕೀಚಲು ಸದ್ದು ಮಾಡಿತು. ಅತ್ತಲಿಂದ ಗಂಡಸಿನ ದನಿ: "ಅಯ್ಯೋ, ಅಕ್ಕ ಇಲ್ಲ ಕಣೋ! ಯಾವ್ದೋ ದೆವ್ವ ಕಿರುಚ್ತಿದೆ. ಇಡು, ಇಡು!"

ಕಚೇರಿಯೆಲ್ಲ ನಕ್ಕಿತು. ಮೆಕ್ಯಾನಿಕ್ ನಗಲಿಲ್ಲ, ನೆಲದ ಮೇಲೆಯೇ ಕುಸಿದು ಕೂತ. ಯಂತ್ರ ಸರಿಯಾಗಿಯೇ ಇತ್ತು. ಅಕ್ಕ "ಕಳಿಸು" ಅನ್ನದೆ ಕಳಿಸಿ ಅಲ್ಲಿನವರಿಗೆ ಅಭ್ಯಾಸವಿರಲಿಲ್ಲ.

"ಅಕ್ಕಾ," ಎಂದ ಮೆಲ್ಲಗೆ, "ನೀವೇ ಅವ್ರಿಗೆಲ್ಲ ಹೇಳ್ಬೇಕು. ನಾನು ಹೇಳಿದ್ರೆ ಯಾರು ಕೇಳ್ತಾರೆ?"

ಹೇಳದೆ ಬಿಟ್ಟಿದ್ದರೆ ಪೆಟ್ಟಿಗೆ ವಾಪಸು ಹೋಗುತ್ತಿತ್ತು, ಫೋನ್ ಅಕ್ಕನದಾಗಿಯೇ ಉಳಿಯುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ. ನಾನು ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಂಡೆ, ಏನನ್ನೂ ಬೇಡಿಕೊಳ್ಳಲು ತೋಚಲಿಲ್ಲ. ಅಕ್ಕ ಆತನ ಕೊಳೆಯಾದ ಮೊಣಕೈಗಳನ್ನು ನೋಡಿದರು, ಸೆರಗಿನಿಂದ ಮುಖ ಒರೆಸಿಕೊಂಡು ರಿಸೀವರ್ ಎತ್ತಿ ಮೊದಲ ಆಸ್ಪತ್ರೆಯ ನಂಬರ್ ಒತ್ತಿದರು.

"ಹಲೋ, ನಾನಮ್ಮ. ಇನ್ಮೇಲೆ ಶಿಳ್ಳೆ ಥರ ಸದ್ದು ಬರುತ್ತೆ. ಹೆದರ್ಕೋಬೇಡ, ಇಟ್ಬಿಡಬೇಡ. ಕಾಗದ ಹಾಕಿ ಗುಂಡಿ ಒತ್ತು, ಅಷ್ಟೇ... ಇಲ್ಲ, ನಾನಿರಲ್ಲ... ಚೆನ್ನಾಗೇ ಇದೀನಿ."

ಆಸ್ಪತ್ರೆಯಿಂದ ಆಸ್ಪತ್ರೆಗೆ ಅದೇ ಮಾತು. ಒಬ್ಬಳು ಅತ್ತಳೆಂದು ಕಾಣುತ್ತದೆ. "ಏ ಹುಚ್ಚಿ, ನಾನೇನು ಸತ್ತಿದೀನಾ?" ಎಂದು ಗದರಿದರು. ಸಂಜೆ ಹೊತ್ತಿಗೆ ಎಲ್ಲರ ಕಂಪ್ಯೂಟರುಗಳಲ್ಲೂ ಪುಟಗಳು ಬೀಳತೊಡಗಿದವು. ಮ್ಯಾನೇಜರ್ ಮೆಕ್ಯಾನಿಕ್‌ನ ಬೆನ್ನು ತಟ್ಟಿ ಹೊರಟರು.

ಅಕ್ಕನ ಮೇಜಿನ ಫೋನನ್ನು ಬಿಚ್ಚಿದ ಮೇಲೂ ಆತ ಏಳಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದ. ಅಕ್ಕ ತಮ್ಮ ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾವನ್ನು ಲೋಟಕ್ಕೆ ಬಗ್ಗಿಸಿ ಆತನ ಮುಂದಿಟ್ಟರು.

"ಮನೇಲಿ ಯಾರ್ಯಾರಿದಾರಪ್ಪ?"

"ಅಮ್ಮ ಒಬ್ಳೇ ಅಕ್ಕ. ಸೊಂಟ ನೋವು, ಏಳಕ್ಕಾಗಲ್ಲ."

"ಬೆಳಿಗ್ಗೆ ಜಾಸ್ತಿನೋ, ಸಂಜೆ ಜಾಸ್ತಿನೋ?" ಎನ್ನುತ್ತಾ ಅಕ್ಕ ಕುರ್ಚಿಯನ್ನು ಆತನ ಹತ್ತಿರಕ್ಕೆ ಎಳೆದುಕೊಂಡರು.